ದ್ವಿಭಾಷಾ ಶಿಶುಗಳೂ ಜಾಲತಾಣದ ನುಡಿಯೂ
(ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯನ್ನು ಕುರಿತ ಒಂದು ವಿಮರ್ಶೆ)

೧

ಮಕ್ಕಳ ಕೈಗೆ ಮೊಬೈಲ್ ಫೋನು ಬಂದಂದಿನಿಂದ ಅವರ ನುಡಿ ಕೆಟ್ಟಿತೆಂಬ ದೂರು ಈಚೆಗೆ ಉಪಾಧ್ಯಾಯರ ಗೋಷ್ಠಿಗಳಲ್ಲಿಯೂ ಮನೆಗಳಲ್ಲಿಯೂ ಎಡೆಬಿಡದೆ ಕೇಳಿಬರುತ್ತಿದೆ. ಯೂಟ್ಯೂಬ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೊದಲಾದ ಸಾಮಾಜಿಕ ಜಾಲತಾಣಗಳ ಬೆರಕೆ ಮಾತು ಇನ್ನೂ ನಾಲಗೆ ತಿರುಗದ ಶಿಶುವಿನ ಕಿವಿಗೆ ಬೀಳುವುದರಿಂದ ಕನ್ನಡವು ಕಲುಷಿತವಾಗುತ್ತದೆಂಬುದು ಒಂದು ಪಕ್ಷ. ಹಾಗಲ್ಲ, ಪುಸ್ತಕವು ತಲಪದ ಹಳ್ಳಿಯ ಮಗುವಿಗೂ ಹಾಡು, ಕಥೆ, ಪರಭಾಷೆಗಳು ಸುಲಭವಾಗಿ ದೊರೆಯುವುದರಿಂದ ಇದು ಲಾಭವೇ ಸರಿ ಎಂಬುದು ಮತ್ತೊಂದು ಪಕ್ಷ. ಈ ಎರಡು ಪಕ್ಷದವರೂ ಮಗುವಿನ ಕಿವಿಗೆ ಏನು ಬಿದ್ದಿತೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರುವರೇ ಹೊರತು, ಮಗುವಾಡಿದ ಮಾತಿಗೆ ಮರುಮಾತು ದೊರೆಯಿತೇ ಎಂಬುದನ್ನು ವಿಚಾರಿಸಿದವರಲ್ಲ. ಭಾಷಾಭ್ಯಾಸದಲ್ಲಿ ಮುಖ್ಯವಾದುದು ಈ ಮರುಮಾತೇ. ಜಾಲತಾಣದ ಗುಣದೋಷಗಳೆರಡನ್ನೂ ಇದರಿಂದಲೇ ಅಳೆಯಬೇಕು. ಹಾಗೆ ಅಳೆದಲ್ಲಿ ಮೊದಲು ನಷ್ಟಕ್ಕೆ ಗುರಿಯಾಗುವುದು ಕನ್ನಡವಲ್ಲ, ಕನ್ನಡದ ನೆರಳಿನಲ್ಲಿ ಬದುಕಿರುವ ಸಣ್ಣ ಮನೆಮಾತುಗಳು ಎಂಬುದನ್ನು ನಿರೂಪಿಸುವುದು ಈ ಲೇಖನದ ಉದ್ದೇಶ.

೨

ವಿಚಾರಕ್ಕೆ ಆಧಾರವಾಗಿ ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ತೆಗೆದುಕೊಳ್ಳಬಹುದು. ೧೯೯೭ರಲ್ಲಿ ಈ ಜಿಲ್ಲೆಯು ಏರ್ಪಟ್ಟಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗೆಯಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದುವು. ನ್ಯಾಮತಿಯು ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದುದು ಆಮೇಲೆ. ಸೂಳೆಕೆರೆಯ ನೀರುಂಡ ಚನ್ನಗಿರಿಯ ಅಡಕೆಯ ತೋಟಗಳಿಗೂ, ತುಂಗಭದ್ರೆಯ ದಡದ ಹೊನ್ನಾಳಿಯ ಗದ್ದೆಗಳಿಗೂ, ಮಳೆಯನ್ನೇ ನೆಚ್ಚಿದ ಜಗಳೂರಿನ ಬೆದ್ದಲು ಹೊಲಗಳಿಗೂ ನೆಲದ ಗುಣದಲ್ಲಿ ಹೋಲಿಕೆ ಕಡಿಮೆ. ಆದರೆ ಒಂದು ವಿಷಯದಲ್ಲಿ ಇವೆಲ್ಲ ಒಂದೇ: ಇಲ್ಲಿ ಎರಡು ನುಡಿಗಳ ನಡುವೆ ಬೆಳೆಯುವ ಮಕ್ಕಳು ಬಹುಮಂದಿ. ಲಂಬಾಣಿ ತಾಂಡಾಗಳಲ್ಲಿ ಗೋರ್‌ಬೋಲಿಯೂ, ಪೇಟೆಗಳ ಮುಸಲ್ಮಾನರ ಮನೆಗಳಲ್ಲಿ ದಖನಿ ಉರ್ದುವೂ ಮನೆಮಾತು. ಊರಿನ, ಸಂತೆಯ, ಅಂಗನವಾಡಿಯ ಮಾತು ಕನ್ನಡ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಾನವೆಂದು ಪ್ರಸಿದ್ಧವಾಗಿದ್ದು, ಪ್ರತಿವರ್ಷ ಫೆಬ್ರವರಿಯಲ್ಲಿ ನಾನಾ ಪ್ರಾಂತಗಳ ಬಂಜಾರರು ಅಲ್ಲಿ ನೆರೆಯುವರು. ಒಬ್ಬರ ಲಿಪಿಯನ್ನು ಇನ್ನೊಬ್ಬರು ಓದಲಾರದ ಆ ಜನರನ್ನು ಅಲ್ಲಿ ಒಂದುಗೂಡಿಸುವುದು ಆಡುಮಾತೊಂದೇ.

ಎರಡು ನುಡಿಯ ಬಾಲ್ಯವು ಕನ್ನಡಕ್ಕೆ ಕೇಡಾದೀತೆಂಬ ಶಂಕೆಗೆ ನಮ್ಮ ಸಾಹಿತ್ಯಚರಿತ್ರೆಯೇ ಉತ್ತರ ಹೇಳಿದೆ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು; ಮಂಜೇಶ್ವರದ ಗೋವಿಂದ ಪೈಗಳದೂ, ಮಕ್ಕಳ ಸಾಹಿತ್ಯಕ್ಕೆ ಹೊಸಗನ್ನಡದಲ್ಲಿ ದಾರಿ ತೆಗೆದ ಪಂಜೆ ಮಂಗೇಶರಾಯರದೂ ಕೊಂಕಣಿ. ಇವರೆಲ್ಲ ಮನೆಮಾತನ್ನು ತೊರೆದು ಕನ್ನಡಕ್ಕೆ ಬಂದವರಲ್ಲ. ಅದನ್ನು ಇಟ್ಟುಕೊಂಡೇ ಬಂದವರು. ಆದುದರಿಂದ ತಾಂಡಾದ ಮಗುವಿಗೆ ಎರಡು ನುಡಿಗಳಿವೆಯೆಂಬುದನ್ನು ಕೊರತೆಯೆಂದೆಣಿಸುವುದಕ್ಕೆ ಕಾರಣವಿಲ್ಲ.

೩

ಈಗ ಮೊದಲನೆಯ ಪಕ್ಷವನ್ನು ಪರೀಕ್ಷಿಸೋಣ. ‘ಲೈಕ್ ಮಾಡು’, ‘ಸ್ಕಿಪ್ ಮಾಡು’, ‘ಸಬ್‌ಸ್ಕ್ರೈಬ್ ಆಗು’ ಎಂದು ನಾಲ್ಕು ವರ್ಷದ ಮಗು ನುಡಿದರೆ ಕನ್ನಡವು ಕೆಟ್ಟಿತೆಂದು ಹಿರಿಯರು ಮರುಗುವರು. ಆದರೆ ಈ ಪ್ರಯೋಗಗಳನ್ನು ಬಿಡಿಸಿ ನೋಡಿದರೆ ಪರಕೀಯವಾದುದು ಮೊದಲ ಪದವೊಂದೇ. ಕಾಲ, ಪುರುಷ, ವಚನಗಳನ್ನು ಹೊರುವ ಭಾರವೆಲ್ಲ ‘ಮಾಡು’, ‘ಆಗು’ ಎಂಬ ಕನ್ನಡ ಧಾತುಗಳ ಮೇಲೆಯೇ ಇದೆ. ಮಗು ‘ಸ್ಕಿಪ್ ಮಾಡಿದೆ’ ಎನ್ನುವುದೇ ಹೊರತು ಇಂಗ್ಲಿಷಿನ ಭೂತಕಾಲದ ಪ್ರತ್ಯಯವನ್ನು ಕನ್ನಡದ ವಾಕ್ಯಕ್ಕೆ ತರುವುದಿಲ್ಲ. ಸಂಸ್ಕೃತದ ಶಬ್ದಗಳನ್ನೂ ಪಾರಸಿಯ ಶಬ್ದಗಳನ್ನೂ ಕನ್ನಡವು ಹಿಂದೆ ಪಳಗಿಸಿಕೊಂಡುದು ಹೀಗೆಯೇ.

ನಮ್ಮ ಲಾಕ್ಷಣಿಕರೂ ಈ ಪ್ರಶ್ನೆಯನ್ನು ಎದುರಿಸಿದ್ದರು. ಕನ್ನಡ ಸಂಸ್ಕೃತ ಪದಗಳೆರಡನ್ನು ಸಮಾಸದಲ್ಲಿ ಕೂಡಿಸುವುದು ಅರಿಸಮಾಸವೆಂಬ ದೋಷವೆಂದು ಅವರು ವಿಧಿಸಿದರು. ಆದರೂ ಕೇಶಿರಾಜನು ಹದಿಮೂರನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ ಬಿರುದಾವಳಿಗಳಿಗೂ ಪೂರ್ವಕವಿಗಳ ಪ್ರಯೋಗಗಳಿಗೂ ಅದರಿಂದ ವಿನಾಯಿತಿ ಕೊಟ್ಟನು. ಬೆರಕೆಗೂ ಒಂದು ನಿಯಮವುಂಟೆಂಬುದನ್ನು ಅವನು ಕಂಡಿದ್ದನೆಂದೇ ಇದರ ಅರ್ಥ. ದ್ವಿಭಾಷಾ ಶಿಶುಗಳನ್ನು ಕುರಿತು ಈಚೆಗೆ ನಡೆದಿರುವ ಭಾಷಾಶಾಸ್ತ್ರದ ವ್ಯಾಸಂಗವೂ ಇದಕ್ಕೆ ಹೊಂದಿಕೆಯಾಗಿದೆ: ಅಂಥ ಶಿಶು ಎರಡು ನುಡಿಗಳನ್ನು ಬೆರೆಸುವಾಗ ಬಹುಮಟ್ಟಿಗೆ ಎರಡರ ವ್ಯಾಕರಣವನ್ನೂ ಉಳಿಸಿಕೊಂಡೇ ಬೆರೆಸುತ್ತದೆ.

ಇಲ್ಲಿಯೇ ಇನ್ನೊಂದು ಎಣಿಕೆಯ ತಪ್ಪನ್ನೂ ಹೇಳತಕ್ಕದ್ದು. ತಾಂಡಾದ ಮಗುವನ್ನು ಅಂಗನವಾಡಿಗೆ ಸೇರಿಸುವಾಗ ಅದರ ಕನ್ನಡ ಶಬ್ದಗಳನ್ನು ಮಾತ್ರ ಎಣಿಸಿ, ಮಾತು ಹಿಂದುಳಿದಿದೆಯೆಂದು ತೀರ್ಮಾನಿಸುವುದುಂಟು. ಆ ಹೊರೆಯನ್ನು ಈಗ ಫೋನಿನ ಮೇಲೆ ಹೊರಿಸುವುದೂ ಉಂಟು. ‘ಯಾಡಿ’ ಎಂಬ ಶಬ್ದ ಬಲ್ಲ ಮಗುವಿಗೆ ತಾಯಿಯೆಂಬ ಅರ್ಥವು ಗೊತ್ತೇ ಇದೆ. ‘ಪಾಣಿ’ ಎಂದು ಕೇಳುವ ಮಗುವಿಗೆ ನೀರೆಂಬುದರ ಅರಿವಿಲ್ಲವೆನ್ನಲಾಗದು. ಎರಡು ನುಡಿಗಳಲ್ಲಿರುವ ಅರ್ಥಗಳನ್ನೂ ಕೂಡಿಸಿ ಎಣಿಸಿದಲ್ಲದೆ ದ್ವಿಭಾಷಾ ಶಿಶುವಿನ ಶಬ್ದಸಂಪತ್ತು ತಿಳಿಯದೆಂಬುದನ್ನು ೧೯೯೩ರಲ್ಲಿಯೇ ಬಾರ್ಬರಾ ಪಿಯರ್ಸನ್ ಮತ್ತು ಅವರ ಸಂಗಡಿಗರು ತೋರಿಸಿದ್ದಾರೆ. ಇದನ್ನು ಮರೆತು ಮಾಡಿದ ದೂರು ಫೋನಿಗೂ ನ್ಯಾಯವಲ್ಲ, ಮಗುವಿಗೂ ನ್ಯಾಯವಲ್ಲ.

೪

ಎರಡನೆಯ ಪಕ್ಷವು ಇದಕ್ಕಿಂತ ಆಕರ್ಷಕವಾದುದು. ೨೦೧೬ರಲ್ಲಿ ಅಂತರ್ಜಾಲದ ಬೆಲೆ ಇಳಿದಮೇಲೆ ಹಳ್ಳಿಗಳಿಗೂ ಚಲಚ್ಚಿತ್ರದ ಹಾಡುಗಳು ಹರಿದುಬಂದುವು. ೨೦೨೦ರ ಮಾರ್ಚಿಯಲ್ಲಿ ಕೊರೊನಾ ರೋಗದ ನಿಮಿತ್ತ ಶಾಲೆಗಳು ಮುಚ್ಚಿದಾಗ ಫೋನೇ ಪಾಠಶಾಲೆಯಾಯಿತು. ಆ ವರ್ಷದ ಆಗಸ್ಟಿನಲ್ಲಿ ಸರ್ಕಾರವು ವಿದ್ಯಾಗಮವೆಂಬ ಏರ್ಪಾಡಿನಿಂದ ಉಪಾಧ್ಯಾಯರನ್ನೇ ಗುಡಿಯ ಜಗಲಿಗೂ ಮರದ ನೆರಳಿಗೂ ಕಳುಹಿಸಬೇಕಾಗಿ ಬಂದುದೇ ಯಂತ್ರದಿಂದ ಮಾತ್ರ ಕೆಲಸ ಸಾಗದೆಂಬುದಕ್ಕೆ ಸಾಕ್ಷಿ. ಆದರೂ ಶಿಶುವು ಕೇಳಿ ಕಲಿಯುತ್ತದಷ್ಟೆ, ಕೇಳಿಸುವವರು ಯಾರಾದರೇನು ಎಂದು ಈ ಪಕ್ಷದವರು ಕೇಳಬಹುದು.

ಇದಕ್ಕೆ ಸಮಾಧಾನವನ್ನು ಪ್ರಯೋಗಗಳಿಂದಲೇ ಹೇಳಬಹುದು. ೨೦೦೩ರಲ್ಲಿ ಅಮೆರಿಕದಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಅವರ ಸಹೋದ್ಯೋಗಿಗಳು, ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳಿಗೆ ಹನ್ನೆರಡು ಬಾರಿ ಚೀನೀ ಭಾಷೆಯನ್ನು ಕೇಳಿಸಿದರು. ಎದುರು ಕುಳಿತ ಮನುಷ್ಯರಿಂದ ಕೇಳಿದ ಕೂಸುಗಳು ಆ ಭಾಷೆಯ ಧ್ವನಿಭೇದಗಳನ್ನು ಗುರುತಿಸಿದುವು. ಅದೇ ಮಾತನ್ನು ಪರದೆಯ ಮೇಲೆ ನೋಡಿ ಕೇಳಿದ ಕೂಸುಗಳೂ, ಧ್ವನಿಯನ್ನು ಮಾತ್ರ ಕೇಳಿದವುಗಳೂ ಏನನ್ನೂ ಕಲಿತಂತೆ ತೋರಲಿಲ್ಲ. ೨೦೧೪ರಲ್ಲಿ ರೋಸ್‌ಬೆರಿ ಮೊದಲಾದವರು ಎರಡರಿಂದ ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಕ್ರಿಯಾಪದಗಳನ್ನು ಕಲಿಸಿ ನೋಡಿದರು. ಎದುರಿನಲ್ಲಿದ್ದವರಿಂದಲೂ, ಪರದೆಯಲ್ಲಿದ್ದರೂ ಮಗುವಿನ ಚೇಷ್ಟೆಗೆ ಆ ಕ್ಷಣದಲ್ಲಿಯೇ ಪ್ರತಿಯಾಗಿ ನುಡಿಯುತ್ತಿದ್ದವರಿಂದಲೂ ಮಕ್ಕಳು ಕಲಿತರು. ಮೊದಲೇ ತೆಗೆದಿಟ್ಟ ಚಿತ್ರದಿಂದ ಕಲಿಯಲಿಲ್ಲ. ದೋಷವು ಪರದೆಯಲ್ಲಿಲ್ಲ, ಪ್ರತಿನುಡಿಯ ಅಭಾವದಲ್ಲಿದೆ ಎಂಬುದು ಇವೆರಡರಿಂದಲೂ ನಿಷ್ಪನ್ನವಾಗುವ ತತ್ತ್ವ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಾಗಿ ಕುಳಿತು ಪರದೆ ನೋಡುವುದು ಬೇಡ, ಅದಕ್ಕೂ ಚಿಕ್ಕವರಿಗೆ ಅದು ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಸೂಚಿಸಿದೆ. ಗಂಟೆಯ ಲೆಕ್ಕ ಒಳ್ಳೆಯದೇ. ಆದರೆ ಆ ಗಂಟೆಗಳಲ್ಲಿ ಯಾವ ಸಂಭಾಷಣೆಯು ಕಳೆದುಹೋಯಿತೆಂಬುದು ಅದಕ್ಕಿಂತ ಮೇಲಾದ ಲೆಕ್ಕ.

ಕ್ರಿಯಾಪದದ ಮಾತು ಬಂದುದರಿಂದ ಕನ್ನಡಕ್ಕೆ ಸಂಬಂಧಪಟ್ಟ ಒಂದು ವಿಶೇಷವನ್ನು ಗಮನಿಸಬೇಕು. ಫೋನಿನ ಶಿಶುಪಾಠಗಳಲ್ಲಿ ಹೆಚ್ಚಾಗಿರುವುದು ನಾಮಪದ: ಬಣ್ಣ, ಹಣ್ಣು, ಪ್ರಾಣಿ, ಸಂಖ್ಯೆ. ಕನ್ನಡದ ಜೀವವಾದರೋ ಆಖ್ಯಾತದಲ್ಲಿದೆ. ‘ಬಂದನು, ಬಂದಳು, ಬಂದರು, ಬಂದಿತು’ ಎಂಬ ಭೇದವೂ, ‘ಬಾ, ಬನ್ನಿ’ ಎಂಬ ಮರ್ಯಾದೆಯೂ ಚಿತ್ರವನ್ನು ತೋರಿಸಿ ಕಲಿಸತಕ್ಕವಲ್ಲ. ಮಗು ‘ಅಜ್ಜಿ ಬಂತು’ ಎನ್ನುತ್ತದೆ. ‘ಹೌದಪ್ಪ, ಅಜ್ಜಿ ಬಂದರು’ ಎಂದು ತಾಯಿ ತಿದ್ದಿದಂತೆ ತೋರದೆ ತಿದ್ದುತ್ತಾಳೆ. ಗೋರ್‌ಬೋಲಿಯ ಮಗುವಿಗೆ ಈ ಸಹಾಯವು ಮತ್ತೂ ಅವಶ್ಯಕ. ಆ ನುಡಿಯು ರಾಜಸ್ಥಾನದ ಕಡೆಯ ಭಾಷೆಗಳ ಬಳಗಕ್ಕೆ ಸೇರಿದುದು. ಅಲ್ಲಿಯ ಲಿಂಗವಿವಕ್ಷೆ ಶಬ್ದವನ್ನು ಅನುಸರಿಸುವುದು, ಕನ್ನಡದ್ದು ಅರ್ಥವನ್ನು ಅನುಸರಿಸುವುದು. ಒಂದರಿಂದ ಒಂದಕ್ಕೆ ದಾಟುವಾಗ ಮಗು ತಡವರಿಸುವುದು ಸಹಜ. ಆ ತಡವರಿಕೆಯನ್ನು ಕೇಳಿಸಿಕೊಂಡು ಸರಿಯಾದ ರೂಪವನ್ನು ಮರಳಿ ನುಡಿಯುವ ಶಕ್ತಿ ಹಾಡಿನ ಚಿತ್ರಕ್ಕೆ ಇಲ್ಲ.

೫

ಜಾಲತಾಣದ ಶಿಶುಗೀತಗಳನ್ನು ಸಾಹಿತ್ಯವೆಂದು ಎತ್ತಿಕೊಂಡು ನೋಡಿದರೂ ಇದೇ ಅಭಾವವು ಕಾಣುತ್ತದೆ. ಅವುಗಳಲ್ಲಿ ಹಲವನ್ನು ಒಂದೇ ಚಿತ್ರ, ಒಂದೇ ಮಟ್ಟುಗಳಿಗೆ ಬೇರೆ ಬೇರೆ ಭಾಷೆಗಳ ಮಾತನ್ನು ಹೊಂದಿಸಿ ಸಿದ್ಧಪಡಿಸುವ ರೂಢಿಯುಂಟು. ಹೀಗೆ ಮಾಡುವಾಗ ಮಟ್ಟು ಮೊದಲು, ನುಡಿ ಆಮೇಲೆ. ಬೇರೊಂದು ಭಾಷೆಯ ಉಚ್ಚಾರಕ್ಕೆ ಹುಟ್ಟಿದ ತಾಳದಲ್ಲಿ ಕನ್ನಡದ ಹ್ರಸ್ವಗಳನ್ನು ಎಳೆಯಬೇಕಾಗುತ್ತದೆ, ಒತ್ತಕ್ಷರಗಳನ್ನು ತೇಲಿಸಬೇಕಾಗುತ್ತದೆ. ಪಂಜೆಯವರ ಶಿಶುಗೀತಗಳಲ್ಲಿ ಹ್ರಸ್ವದೀರ್ಘಗಳ ಕ್ರಮವು ಕನ್ನಡ ನಾಲಗೆಯ ಸಹಜಗತಿಯಿಂದಲೇ ಹೊರಟಿರುವುದನ್ನು ನೆನೆದರೆ ಈ ಅಂತರವು ತಿಳಿಯುತ್ತದೆ. ಈ ಹೊಸ ಗೀತಗಳ ಕನ್ನಡಕ್ಕೆ ಊರೂ ಇಲ್ಲ. ಅದು ಚನ್ನಗಿರಿಯದಲ್ಲ, ಜಗಳೂರಿನದಲ್ಲ, ಧಾರವಾಡದ್ದೂ ಅಲ್ಲ.

ಆದರೂ ಹೊಸ ಗೀತಗಳೆಲ್ಲ ನೀರಸವೆಂದು ತಳ್ಳಿಹಾಕುವುದು ಸಲ್ಲದು. ಸ್ಫುಟವಾದ ಉಚ್ಚಾರವೂ ಒಳ್ಳೆಯ ಚಿತ್ರವೂ ಉಳ್ಳವು ಹಲವಿವೆ. ಕೊರತೆಯಿರುವುದು ಬೇರೆ ಕಡೆ. ನಮ್ಮ ಕಥನಪದ್ಧತಿಯಲ್ಲಿ ಕೇಳುವವರು ಹೂಂಗುಟ್ಟುವುದೆಂಬ ಒಂದು ನಿಯಮವುಂಟು. ಅಜ್ಜಿಯು ಕಥೆ ಹೇಳುತ್ತಿರುವಾಗ ಮಗು ‘ಹೂಂ’ ಎನ್ನದಿದ್ದರೆ ಕಥೆ ನಿಂತುಹೋಗುವುದು. ಈ ಹೂಂಕಾರವು ಮೊದಲ ನೋಟಕ್ಕೆ ಅಲ್ಪವಾಗಿ ಕಂಡರೂ ಭಾಷಾಭ್ಯಾಸದ ಬೀಜವೆಲ್ಲ ಅದರಲ್ಲಿದೆ: ಕೇಳಿದೆ, ತಿಳಿಯಿತು, ಮುಂದುವರಿಸು ಎಂಬ ಮೂರು ಅರ್ಥಗಳನ್ನು ಅದು ಹೊತ್ತಿದೆ, ಸಂಭಾಷಣೆಯಲ್ಲಿ ಸರದಿಯುಂಟೆಂಬುದನ್ನು ಶಿಶುವಿಗೆ ಕಲಿಸುತ್ತದೆ. ಒಗಟಿನಲ್ಲಿ ಇದೇ ನಿಯಮವು ಬೆಳೆದು, ಉತ್ತರ ಹೇಳಲಾರದವನು ಊರೊಂದನ್ನು ಬಿಟ್ಟುಕೊಡಬೇಕೆಂಬ ಆಟವಾಗಿದೆ. ಬೆರಳು ಮಡಿಸಿ ಎಣಿಸುವ ಆಟ, ಮಂಡಿಯ ಮೇಲೆ ತೂಗುವ ಹಾಡು, ಚಂದ್ರನನ್ನು ತೋರಿ ತುತ್ತಿಡುವ ಮಾತು, ಇವೆಲ್ಲಕ್ಕೂ ಮಗುವಿನ ಮೈಯೇ ಉತ್ತರಾರ್ಧ. ಫೋನಿನ ಕಥೆಯು ಮಗು ಹೂಂಗುಟ್ಟಿದರೂ ಸಾಗುವುದು, ಗುಟ್ಟದಿದ್ದರೂ ಸಾಗುವುದು. ಮಗು ನಿದ್ದೆ ಹೋದರೂ ಮುಂದಿನ ಕಥೆ ತಾನಾಗಿ ಮೊದಲಾಗುವುದು. ‘ಎಲ್ಲರಿಗೂ ನಮಸ್ಕಾರ’ ಎಂದು ಅದು ಸಂಬೋಧಿಸುವುದು ಲಕ್ಷಾಂತರ ಮಂದಿಯನ್ನಾದುದರಿಂದ ಎದುರಿಗಿರುವ ಒಂದು ಮಗುವನ್ನು ಅದು ಸಂಬೋಧಿಸಿದಂತಾಗಲಿಲ್ಲ.

ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿಯೇ ಕನ್ನಡನಾಡಿನ ಜನ ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರೆಂದು ಕೊಂಡಾಡಿದೆ. ಓದಿಲ್ಲದೆ ಬಂದ ಆ ಪರಿಣತಿಗೆ ಮೂಲವು ಮಾತಿಗೆ ಮಾತು ಕೊಡುವ ಅಭ್ಯಾಸವೇ ಹೊರತು ಬೇರಿರಲಾರದು.

೬

ಇಷ್ಟು ಕನ್ನಡದ ಮಾತಾಯಿತು. ಈ ಸೀಮೆಯ ಮಕ್ಕಳ ಸಂಗತಿಯಲ್ಲಿ ಮೊದಲು ಪೆಟ್ಟು ತಿನ್ನುವುದು ಮನೆಮಾತೆಂದು ಆರಂಭದಲ್ಲಿ ಹೇಳಿದುದಕ್ಕೆ ಈಗ ಕಾರಣ ಕೊಡಬೇಕು. ಫ್ರಾನ್ಸಿನ ಭಾಷಾಪಂಡಿತ ರೋಂಝಾ ಎಂಬುವನು ೧೯೧೩ರಲ್ಲಿ, ಫ್ರೆಂಚ್ ಜರ್ಮನ್ ಭಾಷೆಗಳೆರಡರಲ್ಲಿ ಬೆಳೆದ ತನ್ನ ಮಗನ ನುಡಿಯನ್ನು ಕುರಿತು ಬರೆದಾಗ, ಒಬ್ಬರಿಗೆ ಒಂದು ಭಾಷೆ ಎಂಬ ಸೂತ್ರವನ್ನು ಮುಂದಿಟ್ಟನು. ಮಗುವಿನ ಮನಸ್ಸಿನಲ್ಲಿ ಭಾಷೆಯು ವ್ಯಕ್ತಿಗೆ ಅಂಟಿಕೊಳ್ಳುತ್ತದೆಂಬುದು ಇದರ ತಿರುಳು. ತಾಂಡಾದಲ್ಲಿ ಯಾರೂ ಕಲಿಸದೆಯೇ ಇದು ನಡೆದುಬಂದಿದೆ: ಯಾಡಿಯ ಮಾತು ಗೋರ್‌ಬೋಲಿ, ಅಂಗನವಾಡಿಯ ಅಕ್ಕನ ಮಾತು ಕನ್ನಡ. ಫೋನಿಗಾದರೋ ಭಾಷೆ ಐದಾರಿವೆ, ವ್ಯಕ್ತಿತ್ವ ಮಾತ್ರ ಒಂದೂ ಇಲ್ಲ. ಅದು ಕಸಿದುಕೊಳ್ಳುವ ಹೊತ್ತು ಅಂಗನವಾಡಿಯದಲ್ಲ. ಅಡುಗೆಯ ಹೊತ್ತು, ಉಣ್ಣುವ ಹೊತ್ತು, ಮಲಗುವ ಹೊತ್ತು. ಅಂದರೆ ಮನೆಮಾತು ಆಡುತ್ತಿದ್ದ ಹೊತ್ತು.

ಕಸಿದುಕೊಂಡ ಹೊತ್ತಿಗೆ ಬದಲಾಗಿ ಆ ಮನೆಮಾತನ್ನೇ ಅದು ಕೊಡುವುದೆಂದರೆ ಅದೂ ಇಲ್ಲ. ಬಂಜಾರ ಹಾಡುಗಳು ಯೂಟ್ಯೂಬಿನಲ್ಲಿ ಹೇರಳವಾಗಿದ್ದರೂ ಅವು ಹೆಚ್ಚಾಗಿ ದೊಡ್ಡವರ ಕುಣಿತಕ್ಕೆ ತಕ್ಕವು. ಮಗುವಿನ ಮುಂದೆ ತಾನಾಗಿ ಬರುವ ಶಿಶುಗೀತಗಳು ಇಂಗ್ಲಿಷ್, ಹಿಂದಿ, ಕನ್ನಡಗಳವು. ೨೦೧೧ರ ಜನಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿಯನ್ನು ಮಾತೃಭಾಷೆಯೆಂದು ಬರೆಯಿಸಿದವರು ದೇಶದಲ್ಲಿ ೩೨ ಲಕ್ಷಕ್ಕೆ ಮೇಲಿದ್ದರೂ, ಅವರನ್ನೆಲ್ಲ ಹಿಂದಿಯ ತಲೆಬರಹದ ಕೆಳಗೆ ಸೇರಿಸಲಾಗಿದೆ. ಕಾಗದದ ಮೇಲೆ ಹೀಗೆ ಹಿಂದಿಯೊಳಗೆ ಕರಗಿದ ನುಡಿಯನ್ನು ತೊಟ್ಟಿಲಿನ ಬಳಿಯಲ್ಲಿಯೂ ಹಿಂದಿಯೊಳಗೆ ಕರಗಿಸುವ ಕೆಲಸವನ್ನು ಫೋನು ಯಾರ ಅಪ್ಪಣೆಯೂ ಇಲ್ಲದೆ ಮಾಡಬಲ್ಲದು. ಹೋಳಿಯ ಲೆಂಗಿ, ಮದುವಣಗಿತ್ತಿಯ ಢಾವಲೋ ಮೊದಲಾದ ಹಾಡುಗಳಿಗೆ ಕಂಠವೊಂದೇ ಭಂಡಾರವಾಗಿರುವ ಜನಕ್ಕೆ ಇದು ಸಣ್ಣ ಹಾನಿಯಲ್ಲ.

ದಖನಿಯ ಸಂಗತಿಯು ಇನ್ನೂ ಸೂಕ್ಷ್ಮವಾಗಿದೆ. ಕನ್ನಡ ತೆಲುಗುಗಳ ನೆರೆಯಲ್ಲಿ ಶತಮಾನಗಳಿಂದ ಬೆಳೆದ ಈ ನುಡಿಯು ಅವುಗಳ ವಾಕ್ಯಸರಣಿಯನ್ನು ತನ್ನದಾಗಿಸಿಕೊಂಡಿದೆ. ‘ಬರುತ್ತೇನೆ ಅಂತ ಹೇಳಿದ’ ಎಂಬುದಕ್ಕೆ ಸರಿಯಾಗಿ ಅದರಲ್ಲಿ ‘ಆತೂಂ ಬೋಲ್ಕೆ ಬೋಲ್ಯಾ’ ಎನ್ನುವರು. ‘ಬೋಲ್ಕೆ’ ಎಂಬುದು ಕನ್ನಡದ ‘ಅಂತ’ ಎಂಬುದರ ನೆರಳೇ. ಹಿಂದಿಯಲ್ಲಿ ‘ಕಿ’ ಎಂಬ ಅವ್ಯಯವು ವಾಕ್ಯದ ನಡುವೆ ನಿಂತು, ಹೇಳಿದ ಮಾತು ಅದರ ಆಚೆಗೆ ಬರುವುದು. ಚನ್ನಗಿರಿಯ ಮಗುವೊಂದು ಮನೆಯಲ್ಲಿ ‘ಬೋಲ್ಕೆ’ ಎಂದು ಕಲಿತರೆ ಕನ್ನಡದ ವಾಕ್ಯಕ್ಕೆ ಅರ್ಧ ದಾರಿ ನಡೆದಂತಾಯಿತು. ಫೋನಿನ ಹಿಂದಿಯು ಆ ದಖನಿಯನ್ನು ಅಶುದ್ಧವೆಂದು ತೋರಿಸಿ ಸ್ಥಳಾಂತರಿಸಿದರೆ, ಮಗುವಿಗೆ ತಪ್ಪುವುದು ಮನೆಮಾತಷ್ಟೇ ಅಲ್ಲ, ಕನ್ನಡಕ್ಕೆ ಕಟ್ಟಿದ್ದ ಸೇತುವೆಯೂ ಹೌದು. ಮನೆಮಾತಿನ ನಷ್ಟವು ಕನ್ನಡಕ್ಕೆ ಲಾಭವೆಂದೆಣಿಸುವವರು ಈ ಒಂದು ಉದಾಹರಣೆಯನ್ನು ಚೆನ್ನಾಗಿ ಮನನಮಾಡಬೇಕು.

೭

ಇಷ್ಟರಿಂದ ಫೋನನ್ನು ಮನೆಯಿಂದ ಹೊರಗೆ ಹಾಕತಕ್ಕದ್ದೆಂದು ನಿರ್ಣಯಿಸುವುದು ಆತುರವಾದೀತು. ಆಸ್ಟ್ರೇಲಿಯವು ೨೦೨೫ರ ಡಿಸೆಂಬರಿನಿಂದ ಹದಿನಾರು ವರ್ಷ ತುಂಬದವರಿಗೆ ಜಾಲತಾಣಗಳ ಖಾತೆಯನ್ನು ನಿಷೇಧಿಸಿದೆ. ಇಲ್ಲಿಯ ಮೂರು ವರ್ಷದ ಮಗುವಿಗೆ ಖಾತೆಯೆಂಬುದೇ ಇಲ್ಲ; ಅದು ನೋಡುವುದು ತಂದೆಯ ಫೋನನ್ನು. ಆದುದರಿಂದ ಅಂಥ ಶಾಸನದಿಂದ ಈ ವಯಸ್ಸಿನ ಪ್ರಶ್ನೆ ಬಗೆಹರಿಯದು.

ಮೇಲೆ ಹೇಳಿದ ತತ್ತ್ವದಿಂದಲೇ ಫೋನಿನ ಸದುಪಯೋಗವೂ ಸಿದ್ಧವಾಗುತ್ತದೆ. ಈ ತಾಲ್ಲೂಕುಗಳ ತಾಂಡಾಗಳಿಂದ ಕಬ್ಬು ಕಡಿಯುವುದಕ್ಕೂ ಕಾಫಿತೋಟದ ಕೆಲಸಕ್ಕೂ ತಿಂಗಳುಗಟ್ಟಲೆ ಗುಳೆ ಹೋಗುವವರಿದ್ದಾರೆ; ಎಳೆಯ ಮಕ್ಕಳು ಅಜ್ಜ ಅಜ್ಜಿಯರ ಬಳಿ ಉಳಿಯುವುದುಂಟು. ಇಂಥ ಮಗುವಿಗೆ ಸಂಜೆ ವಾಟ್ಸಾಪಿನಲ್ಲಿ ತಾಯಿಯ ಮುಖ ಕಂಡು, ‘ಉಂಡೆಯಾ?’ ಎಂಬ ಪ್ರಶ್ನೆ ಅದರ ಮನೆಮಾತಿನಲ್ಲಿ ಬಂದು, ಮಗು ಉತ್ತರ ಕೊಟ್ಟು, ಆ ಉತ್ತರಕ್ಕೆ ತಾಯಿ ನಕ್ಕರೆ, ಅದು ಪೂರ್ಣವಾದ ಸಂಭಾಷಣೆ. ಯಂತ್ರ ಅದೇ, ಪರದೆ ಅದೇ. ಪ್ರತಿನುಡಿ ಮಾತ್ರ ಬಂದು ಕೂಡಿತು. ಲಿಪಿಯಿಲ್ಲದ ನುಡಿಗೆ ಧ್ವನಿಸಂದೇಶವು ಮತ್ತೊಂದು ಉಪಕಾರ. ಗೋರ್‌ಬೋಲಿಯನ್ನು ಕರ್ನಾಟಕದಲ್ಲಿ ಕನ್ನಡ ಅಕ್ಷರಗಳಿಂದ ಬರೆಯಬಹುದಾದರೂ ಅದನ್ನು ಬರೆದು ರೂಢಿಯಾದ ಅಜ್ಜಿಯರು ವಿರಳ. ಆಡಿ ಕಳುಹಿಸುವುದಕ್ಕೆ ಮಾತ್ರ ಅಕ್ಷರದ ಹಂಗಿಲ್ಲ.

೮

ಉಪಾಧ್ಯಾಯರು ಮಾಡಬಹುದಾದುದನ್ನು ಸಂಕ್ಷೇಪವಾಗಿ ಸೂಚಿಸಬಹುದು. ಅಂಗನವಾಡಿಗೆ ಬರುವ ಮಗುವಿನ ಶಬ್ದಗಳನ್ನು ಎಣಿಸುವಾಗ ಎರಡು ನುಡಿಗಳವನ್ನೂ ಎಣಿಸಬೇಕು. ಇದಕ್ಕಾಗಿ ಗೋರ್‌ಬೋಲಿ, ದಖನಿಗಳ ನಿತ್ಯಬಳಕೆಯ ಶಬ್ದಗಳನ್ನು ಕನ್ನಡ ಲಿಪಿಯಲ್ಲಿ ಬರೆದ ಚಿಕ್ಕ ಪಟ್ಟಿಗಳು ಬೇಕು. ರೊನಾಲ್ಡ್ ಟ್ರೇಲ್ ಎಂಬವರು ೧೯೭೦ರಲ್ಲಿಯೇ ಲಮಾಣಿಗೆ ಇಂಗ್ಲಿಷಿನಲ್ಲಿ ವ್ಯಾಕರಣವೊಂದನ್ನು ಬರೆದಿರುವಾಗ, ಕನ್ನಡದ ಉಪಾಧ್ಯಾಯನಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿಯನ್ನು ಸಿದ್ಧಪಡಿಸುವುದು ನಮ್ಮ ವಿದ್ವಾಂಸರಿಗೆ ಅಸಾಧ್ಯವಲ್ಲ. ಹಾಡಿನ ಚಿತ್ರವನ್ನು ತೋರಿಸಲೇಬೇಕಾದಲ್ಲಿ ನಡುನಡುವೆ ನಿಲ್ಲಿಸಿ, ಈಗ ಏನಾಯಿತು, ಮುಂದೆ ಏನಾಗುವುದು ಎಂದು ಮಗುವನ್ನು ಕೇಳಬೇಕು. ಪರದೆಯ ಪಕ್ಕದಲ್ಲಿ ಹೀಗೆ ಕೇಳುವವರೊಬ್ಬರು ಕುಳಿತರೆ ಅದೇ ಚಿತ್ರವು ಪಾಠವಾಗುವುದು. ತಂದೆತಾಯಿಗಳಿಗಂತೂ, ಮಗುವಿನೊಡನೆ ಕನ್ನಡವನ್ನೋ ಇಂಗ್ಲಿಷನ್ನೋ ಪ್ರಯತ್ನದಿಂದ ಆಡಬೇಕೆಂದು ಬೋಧಿಸುವುದನ್ನು ಬಿಟ್ಟು, ತಮಗೆ ಸಲೀಸಾದ ಮನೆಮಾತಿನಲ್ಲಿಯೇ ತುಂಬ ಮಾತಾಡಿರೆಂದು ಹೇಳಬೇಕು. ತಡವರಿಸುವ ಕನ್ನಡದಲ್ಲಿ ನಾಲ್ಕು ಮಾತಾಡಿ ಸುಮ್ಮನಾಗುವ ತಾಯಿಗಿಂತ, ಗೋರ್‌ಬೋಲಿಯಲ್ಲಿ ನಿರರ್ಗಳವಾಗಿ ಕಥೆ ಹೇಳಿ ಮಗುವಿನಿಂದ ಹೂಂಗುಟ್ಟಿಸುವ ತಾಯಿಯು ಕನ್ನಡದ ಉಪಾಧ್ಯಾಯನಿಗೆ ಹೆಚ್ಚು ನೆರವಾಗುವಳು. ಏಕೆಂದರೆ ಸರದಿಯರಿತು ನುಡಿಯುವುದನ್ನು ಒಂದು ಭಾಷೆಯಲ್ಲಿ ಕಲಿತ ಮಗು ಅದನ್ನು ಇನ್ನೊಂದಕ್ಕೂ ಕೊಂಡೊಯ್ಯುವುದು.

ಕನ್ನಡದ ಶುದ್ಧಾಶುದ್ಧಗಳ ಚರ್ಚೆಗೆ ನಮ್ಮ ಪತ್ರಿಕೆಗಳಲ್ಲಿ ಎಂದೂ ಬರವಿಲ್ಲ. ಆ ಚರ್ಚೆಯ ಒಂದು ಪಾಲನ್ನಾದರೂ ಇನ್ನು ಮುಂದೆ, ನಮ್ಮ ಎಳೆಯರೊಡನೆ ಯಾರು ಮಾತಾಡುತ್ತಿದ್ದಾರೆ, ಅವರ ಮಾತನ್ನು ಯಾರು ಕೇಳುತ್ತಿದ್ದಾರೆ ಎಂಬ ವಿಚಾರಕ್ಕೆ ತಿರುಗಿಸುವುದು ಯುಕ್ತವೆಂದು ತೋರುತ್ತದೆ.